ನಲಿಕಲಿ ಮಕ್ಕಳೊಂದಿಗೆ ಒಂದು ಮಲಿದಾ

ಬೋಧನಾಭ್ಯಾಸದ ಎರಡನೆಯ ಹಂತಕ್ಕೆ ನನಗೆ ಸಿಕ್ಕಿದ್ದು ಕುಂದಾಪುರ ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಬಿ.ಎಸ್ಸಿ.ಯಲ್ಲಿ ನಾನು ಓದಿದ್ದು ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ. ಹಾಗಾಗಿ ಆರು ಮತ್ತು ಏಳನೇ ತರಗತಿಗಳ ವಿಜ್ಞಾನ ನನ್ನ ಪಾಲಿಗೆ ಬಂತು. ಆದರೆ ಶಾಲೆಯ ಕೆಲಸ ನಮ್ಮ ವೇಳಾಪಟ್ಟಿಯಲ್ಲಿ ಬರೆದಷ್ಟೇ ಅಲ್ಲ ಎಂಬುದು ಮೊದಲ ವಾರದಲ್ಲೇ ಎಲ್ಲ ಪ್ರಶಿಕ್ಷಣಾರ್ಥಿಗಳಿಗೂ ತಿಳಿಯುತ್ತದೆ. ನಲಿಕಲಿ ಶಿಕ್ಷಕಿ ತರಬೇತಿಗೆ ಹೋದ ದಿನಗಳಲ್ಲಿ ಒಂದರಿಂದ ಮೂರನೇ ತರಗತಿಯ 28 ಮಕ್ಕಳು ನನ್ನ ಕೈಗೆ ಬರುತ್ತಿದ್ದರು. 2025ರ ಫೆಬ್ರವರಿ 15ರ ಸಂಭ್ರಮ ಶನಿವಾರವೂ ಹಾಗೆಯೇ ಬಂತು. "ನೀವು ವಿಜ್ಞಾನದವರಲ್ವಾ, ಆರೋಗ್ಯಕರ ತಿನಿಸಿನ ಬಗ್ಗೆ ಸಣ್ಣ ಮಕ್ಕಳಿಗೆ ಏನಾದರೂ ಮಾಡಿಸಿ. ಬ್ಯಾಗ್ ಇಲ್ಲದ ದಿನ, ಬರೆಸುವುದು ಬೇಡ" ಎಂದರು ಮುಖ್ಯ ಶಿಕ್ಷಕಿ.

ಆರೋಗ್ಯಕರ ತಿನಿಸು ಎಂಬುದು ನಮ್ಮಲ್ಲಿ ಎಲ್ಲರೂ ಒಮ್ಮೆಯಾದರೂ ಮಾಡುವ ಪಾಠ. ಒಂದು ಚಾರ್ಟ್, ಎಡಕ್ಕೆ ಹಣ್ಣು ತರಕಾರಿ, ಬಲಕ್ಕೆ ಚಿಪ್ಸ್ ಮತ್ತು ಚಾಕೊಲೇಟ್, ಬಲಗಡೆಯ ಚಿತ್ರಗಳ ಮೇಲೆ ಕೆಂಪು ಗೆರೆ. ಆ ಶಾಲೆಯಲ್ಲೂ ಅಂಥದೊಂದು ಚಾರ್ಟ್ ಗೋಡೆಯ ಮೇಲಿತ್ತು. ಎರಡನೇ ತರಗತಿಯ ಹುಡುಗನೊಬ್ಬ ಅದರ ಕೆಳಗೇ ಕೂತು ಐದು ರೂಪಾಯಿಯ ಪ್ಯಾಕೆಟ್ ಬಿಚ್ಚುತ್ತಿದ್ದ. ಚಾರ್ಟ್ ಓದು ಎಂದರೆ ತಪ್ಪಿಲ್ಲದೆ ಓದಿದ. ಓದುವುದಕ್ಕೂ ತಿನ್ನುವುದಕ್ಕೂ ಸಂಬಂಧವಿದೆ ಎಂದು ಅವನಿಗೆ ಅನ್ನಿಸಿದಂತಿರಲಿಲ್ಲ. ಆದ್ದರಿಂದ ಈ ಸಲ ಮಕ್ಕಳ ಕೈಯಲ್ಲೇ ಒಂದು ತಿನಿಸು ಮಾಡಿಸುವುದು ಎಂದು ತೀರ್ಮಾನಿಸಿದೆ.

ಇನ್ನೊಂದು ವಿಷಯವೂ ನನ್ನ ಮನಸ್ಸಿನಲ್ಲಿತ್ತು. ಡಿಸೆಂಬರಿನಲ್ಲಿ ಮೂರನೇ ತರಗತಿಯ ಹುಡುಗಿಯೊಬ್ಬಳು ಕ್ರಿಸ್‌ಮಸ್ಸಿನ ಕೇಕು ಮತ್ತು ಕುಸ್ವಾರ್ ತಂದು ಎಲ್ಲರಿಗೂ ಹಂಚಿದ್ದಳು. ಏಳೆಂಟು ಮಕ್ಕಳು "ಇದರಲ್ಲಿ ಮೊಟ್ಟೆ ಉಂಟಾ ಟೀಚರ್?" ಎಂದು ಕೇಳಿ ಪಕ್ಕಕ್ಕಿಟ್ಟರು. ಜನವರಿಯಲ್ಲಿ ಸಂಕ್ರಾಂತಿಯ ಎಳ್ಳುಬೆಲ್ಲ ಬಂದಾಗ ಬೇರೆ ಮೂವರು ಮಕ್ಕಳು ಅದನ್ನು ಬಾಯಿಗೆ ಹಾಕಲಿಲ್ಲ. "ದೇವರಿಗೆ ಇಟ್ಟದ್ದಾದರೆ ತಿನ್ನಬಾರದು ಅಂತ ಮನೆಯಲ್ಲಿ ಹೇಳಿದ್ದಾರೆ" ಎಂದ ಒಬ್ಬ. ಮತ್ತೊಬ್ಬಳು ಏನೂ ಹೇಳದೆ ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಂಡಳು. ಸಂಜೆ ಆ ಪೊಟ್ಟಣ ಗೇಟಿನ ಬಳಿ ಬಿದ್ದಿತ್ತು.

ಮನೆಯವರು ಹಾಕಿಕೊಟ್ಟ ನಿಯಮವನ್ನು ಪ್ರಶ್ನಿಸುವುದು ಎರಡು ತಿಂಗಳಿಗೆಂದು ಬಂದ ಪ್ರಶಿಕ್ಷಣಾರ್ಥಿಯ ಕೆಲಸವಲ್ಲ. ಯಾರೂ ಜಗಳ ಮಾಡಿರಲಿಲ್ಲ, ಯಾರೂ ಕೆಟ್ಟ ಮಾತು ಆಡಿರಲಿಲ್ಲ. ಆದರೆ ಏಳು ವರ್ಷದ ಮಗು ತಾನು ತಂದದ್ದನ್ನು ಗೆಳತಿ ತಿನ್ನಲಿಲ್ಲ ಎಂಬುದನ್ನು ನೋಡುತ್ತದೆ, ನೆನಪಿಟ್ಟುಕೊಳ್ಳುತ್ತದೆ. ಕೇಕು ತಂದ ಹುಡುಗಿ ಎಳ್ಳುಬೆಲ್ಲದ ದಿನ "ನನಗೂ ಬೇಡ" ಎಂದಳು. ಅವಳಿಗೆ ಮನೆಯಲ್ಲಿ ಅಂಥ ನಿಯಮವೇನೂ ಇರಲಿಲ್ಲ.

ಬಿಸಿಯೂಟದಲ್ಲಿ ಈ ಸಮಸ್ಯೆ ಇಲ್ಲ. ಅನ್ನ, ಸಾಂಬಾರು ಯಾರ ಮನೆಯದ್ದೂ ಅಲ್ಲ, ಶಾಲೆಯದ್ದು. ತೊಡಕು ಬರುವುದು ಹಬ್ಬದ ತಿನಿಸಿಗೆ ಮಾತ್ರ, ಏಕೆಂದರೆ ಹಬ್ಬದ ತಿನಿಸಿಗೆ ಒಂದು ಮನೆ ಇರುತ್ತದೆ. ಅಲ್ಲಿ ಒಬ್ಬರು ಕೊಡುವವರು, ಉಳಿದವರು ತೆಗೆದುಕೊಳ್ಳುವವರು. ತರಗತಿಯಲ್ಲಿ ಯಾರ ಮನೆಯದ್ದೂ ಅಲ್ಲದ ಒಂದು ಹಬ್ಬದ ತಿನಿಸು ಮಾಡಿದರೆ ಹೇಗೆ ಎಂದು ಯೋಚಿಸಿದಾಗ ನೆನಪಾದದ್ದು ಮಲಿದಾ.

ಠಾಣೆಯ ಆಜಿಯ ತಿನಿಸು

ನಾನು ಏಳನೇ ತರಗತಿಯವರೆಗೆ ಓದಿದ್ದು ಮುಂಬೈ ಪಕ್ಕದ ಠಾಣೆಯಲ್ಲಿ. ಅಪ್ಪ ಅಲ್ಲಿ ಹೋಟೆಲಿನಲ್ಲಿ ಕೆಲಸಕ್ಕಿದ್ದರು. ಕುಂದಾಪುರ, ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ಇದು ಹೊಸ ಕಥೆಯಲ್ಲ. ನಮ್ಮ ಕೆಳಗಿನ ಮನೆಯಲ್ಲಿ ವಯಸ್ಸಾದ ಒಬ್ಬ ಆಜಿ ಇದ್ದರು. ಮರಾಠಿ ಮಾತಾಡುತ್ತಿದ್ದರು, ಒಂಬತ್ತು ಗಜದ ಸೀರೆ ಉಡುತ್ತಿದ್ದರು, ಶುಕ್ರವಾರ ಸಂಜೆ ದೀಪ ಹಚ್ಚುತ್ತಿದ್ದರು. ಶನಿವಾರ ಅವರ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ಅವರು ಬೆನೆ ಇಸ್ರೇಲ್ ಎಂದು ಕರೆಯಲಾಗುವ ಯಹೂದಿ ಸಮುದಾಯದವರು ಎಂಬುದು ನನಗೆ ಎಷ್ಟೋ ವರ್ಷಗಳ ನಂತರ ತಿಳಿದ ವಿಷಯ. ಆಗ ಅವರು ಕೆಳಗಿನ ಮನೆಯ ಆಜಿ ಅಷ್ಟೇ.

ಬೆನೆ ಇಸ್ರೇಲರು ಕೊಂಕಣ ಕರಾವಳಿಯಲ್ಲಿ, ಇಂದಿನ ರಾಯಗಡ ಜಿಲ್ಲೆಯ ಹಳ್ಳಿಗಳಲ್ಲಿ, ಶತಮಾನಗಳಿಂದ ಬಾಳಿದವರು. ತಮ್ಮ ಪೂರ್ವಿಕರು ಬಂದ ಹಡಗು ಅಲೀಬಾಗ್ ಬಳಿಯ ನವಗಾಂವ್ ತೀರದಲ್ಲಿ ಒಡೆಯಿತು, ಏಳು ಗಂಡಸರು ಏಳು ಹೆಂಗಸರು ಬದುಕುಳಿದರು ಎಂಬುದು ಅವರ ನಂಬಿಕೆ. ಹಳ್ಳಿಗಳಲ್ಲಿ ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬಾಗಿತ್ತು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಸುತ್ತಲಿನವರು 'ಶನಿವಾರ ತೇಲಿ' ಎಂದು ಕರೆದರು. ಕೇಹಿಂಕರ್, ರೋಹೇಕರ್, ಪೇಣಕರ್ ಎಂದು ಅವರ ಅಡ್ಡಹೆಸರುಗಳು ಹಳ್ಳಿಗಳ ಹೆಸರಿನಿಂದಲೇ ಬಂದವು. ಠಾಣೆಯಲ್ಲಿ ಅವರ ಪ್ರಾರ್ಥನಾ ಮಂದಿರ ಕಟ್ಟಿದ್ದು 1879ರಲ್ಲಿ. ಇಸ್ರೇಲ್ ದೇಶವಾದ ಮೇಲೆ ಹೆಚ್ಚಿನವರು ಅಲ್ಲಿಗೆ ಹೋದರು. ಇಂದು ಭಾರತದಲ್ಲಿರುವವರು ಕೆಲವೇ ಸಾವಿರ. ನಮ್ಮ ಆಜಿಯೂ ಕೊನೆಗೆ ಮಗನ ಜೊತೆ ಹೋದರು.

ಅವರ ಹಬ್ಬಗಳ ಹಳೆಯ ಮರಾಠಿ ಹೆಸರುಗಳು ನನಗೆ ಬಹಳ ಇಷ್ಟ. ಖೀರು ಮಾಡುವ ಹಬ್ಬ 'ಖಿರೀಚಾ ಸಣ'. ಮೊಳಕೆ ಬರಿಸಿದ ಅವರೆಯ ಪಲ್ಯ ಉಣ್ಣುವ ದಿನ 'ಬಿರಡ್ಯಾಚಾ ಸಣ'. ಹಬ್ಬವನ್ನು ತಿನಿಸಿನಿಂದಲೇ ಗುರುತಿಸುವುದು ನಮಗೂ ಗೊತ್ತಿರುವ ಲೆಕ್ಕವೇ ತಾನೆ.

ಮಲಿದಾ ಅವರಲ್ಲಿ ಮದುವೆಯ ಮುಂಚೆ, ಹೊಸ ಮನೆಗೆ ಹೋದಾಗ, ಹರಕೆ ತೀರಿದಾಗ ಮಾಡುವ ತಿನಿಸು. ಎಲಿಯಾಹು ಪ್ರವಾದಿಯನ್ನು ನೆನೆದು, ತಟ್ಟೆಯ ನಡುವೆ ಸಿಹಿ ಅವಲಕ್ಕಿ ಗೋಪುರದಂತೆ ಹಾಕಿ, ಸುತ್ತಲೂ ಖರ್ಜೂರ, ಬಾಳೆ, ಕಿತ್ತಳೆ ಮುಂತಾದ ಹಣ್ಣು ಜೋಡಿಸಿ, ಪ್ರಾರ್ಥನೆ ಹೇಳಿ ಎಲ್ಲರೂ ಹಂಚಿಕೊಳ್ಳುತ್ತಾರೆ. ಅಲೀಬಾಗ್ ಬಳಿಯ ಖಂಡಾಳೆ ಎಂಬಲ್ಲಿಗೆ ಎಲಿಯಾಹು ಬಂದಿದ್ದನೆಂದೂ, ಅದು 'ತು ಬಿಶ್ವಾತ್' ಹಬ್ಬದ ದಿನವೆಂದೂ ಅವರಲ್ಲಿ ನಂಬಿಕೆ ಇದೆ. ಹಾಗಾಗಿ ಆ ಹಬ್ಬಕ್ಕೂ ಮಲಿದಾ ಮಾಡುತ್ತಾರೆ.

ತು ಬಿಶ್ವಾತ್ ಎಂದರೆ ಶೆವಾತ್ ತಿಂಗಳ 15ನೆಯ ದಿನ, ಮರಗಳ ಹೊಸ ವರ್ಷ. ಯಹೂದಿ ಪಂಚಾಂಗದಲ್ಲಿ ತಿಂಗಳು ಅಮಾವಾಸ್ಯೆಯ ನಂತರದ ಹೊಸ ಚಂದ್ರನಿಂದ ಶುರುವಾಗುವುದರಿಂದ 15ನೆಯ ದಿನ ಎಂದರೆ ಹುಣ್ಣಿಮೆಯ ಆಸುಪಾಸು. ನಮ್ಮ ಅಧಿಕ ಮಾಸದ ಹಾಗೆ ಅವರಲ್ಲೂ ಕೆಲವು ವರ್ಷ ಒಂದು ತಿಂಗಳು ಹೆಚ್ಚು ಬರುತ್ತದೆ. 2025ರಲ್ಲಿ ಈ ಹಬ್ಬ ಫೆಬ್ರವರಿ 12ರ ಸಂಜೆಯಿಂದ 13ರ ಸಂಜೆಯವರೆಗೆ ಇತ್ತು. ಅದೇ 12ರಂದು ನಮ್ಮಲ್ಲಿ ಭರತ ಹುಣ್ಣಿಮೆ. ನನ್ನ ಸಂಭ್ರಮ ಶನಿವಾರ ಅದಕ್ಕೆ ಮೂರನೆಯ ದಿನ.

ಜಗತ್ತಿನ ಬೇರೆ ಕಡೆ ಯಹೂದಿಗಳು ಈ ಹಬ್ಬದಲ್ಲಿ ಖರ್ಜೂರ, ಅಂಜೂರ, ದಾಳಿಂಬೆ, ದ್ರಾಕ್ಷಿ ತಿನ್ನುತ್ತಾರೆ. ಅದಕ್ಕೆ ಅವಲಕ್ಕಿ ಮತ್ತು ತೆಂಗಿನಕಾಯಿ ಸೇರಿಸಿದ್ದು ಕೊಂಕಣ. ಒಲೆ ಬೇಡ, ಎಣ್ಣೆ ಬೇಡ, ಮೈದಾ ಬೇಡ, ಹಾಲು ತುಪ್ಪವೂ ಬೇಡ. ಐದಾರು ವರ್ಷದ ಕೈಗಳಿಗೆ ಇದಕ್ಕಿಂತ ಹೊಂದುವ ಹಬ್ಬದ ತಿನಿಸು ನನಗೆ ಬೇರೆ ತೋಚಲಿಲ್ಲ.

ಸಿದ್ಧತೆ

ಪಾಠ ಯೋಜನೆಯನ್ನು ನೋಡಿದ ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಒಂದೇ ಪ್ರಶ್ನೆ ಕೇಳಿದರು: "ಹಬ್ಬ ನಿಮ್ಮದಲ್ಲ, ಮಕ್ಕಳದ್ದೂ ಅಲ್ಲ. ನಮ್ಮದೇ ಎಳ್ಳುಂಡೆ, ಪಂಚಕಜ್ಜಾಯ ಇರುವಾಗ ಇದು ಏಕೆ?" ಅದೇ ಕಾರಣಕ್ಕೆ ಮೇಡಂ, ಎಂದು ಕೇಕು ಮತ್ತು ಎಳ್ಳುಬೆಲ್ಲದ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಪೂಜೆ, ಪ್ರಾರ್ಥನೆ ತರಗತಿಯಲ್ಲಿ ಬೇಡ. ಅವರು ಏನು ಮಾಡುತ್ತಾರೆ ಎಂದು ಹೇಳಿ, ನೀವು ಮಾಡಬೇಡಿ. ಮನೆಗೆ ಮೊದಲೇ ತಿಳಿಸಿ" ಎಂದರು. ಈ ಮೂರು ಮಾತುಗಳ ಮೇಲೆಯೇ ಉಳಿದದ್ದೆಲ್ಲ ನಿಂತಿತು.

ಬುಧವಾರ ಪ್ರತಿ ಮನೆಗೂ ಒಂದು ಚೀಟಿ ಕಳಿಸಿದೆವು. ಅದರಲ್ಲಿ ತಿನಿಸಿನ ಹೆಸರು, ಹಾಕುವ ವಸ್ತುಗಳ ಪೂರ್ತಿ ಪಟ್ಟಿ, ಮೊಟ್ಟೆ ಇಲ್ಲ, ಹಾಲಿನ ಪದಾರ್ಥ ಇಲ್ಲ, ಯಾವ ದೇವರಿಗೂ ಅರ್ಪಿಸಿದ್ದಲ್ಲ, ಮಕ್ಕಳೇ ತರಗತಿಯಲ್ಲಿ ಮಾಡುವುದು ಎಂದು ಬರೆದಿತ್ತು. ಕೆಳಗೆ ಎರಡು ಪ್ರಶ್ನೆ: ನಿಮ್ಮ ಮಗುವಿಗೆ ಯಾವುದಾದರೂ ಆಹಾರ ಆಗುವುದಿಲ್ಲವೇ? ಮಗು ಇದನ್ನು ತಿನ್ನಬಹುದೇ? 28ರಲ್ಲಿ 26 ಚೀಟಿ ಸಹಿಯಾಗಿ ವಾಪಸ್ಸು ಬಂತು. ಒಂದರಲ್ಲಿ "ಬಾಳೆಹಣ್ಣು ಕೊಡಬೇಡಿ, ಶೀತ ಆಗ್ತದೆ" ಎಂದಿತ್ತು. ಇನ್ನೊಂದರಲ್ಲಿ ಅಜ್ಜಿಯೊಬ್ಬರು "ಅವಲಕ್ಕಿ ತೊಳೆದ ಕೂಡಲೇ ನೀರು ಬಸಿಯಿರಿ, ಇಲ್ಲದಿದ್ದರೆ ಮುದ್ದೆ ಆಗ್ತದೆ" ಎಂದು ಸಲಹೆ ಬರೆಸಿದ್ದರು. ಬಾರದ ಎರಡು ಚೀಟಿಗಳ ಮನೆಗೆ ನಲಿಕಲಿ ಶಿಕ್ಷಕಿಯೇ ಫೋನ್ ಮಾಡಿದರು. ಒಂದು ಮನೆಯವರು ಆಗಲಿ ಎಂದರು. ಇನ್ನೊಂದು ಮನೆಯವರು "ಮಾಡುವುದಕ್ಕೆ ಅಡ್ಡಿಯಿಲ್ಲ, ತಿನ್ನುವುದು ಅವನು ಮನೆಗೆ ತಂದ ಮೇಲೆ ನೋಡುವ" ಎಂದರು.

ಸಾಮಾನುಗಳನ್ನು ಮಕ್ಕಳ ಮನೆಯಿಂದ ತರಿಸಬಾರದು ಎಂದು ನಾವು ಮೂವರು ಪ್ರಶಿಕ್ಷಣಾರ್ಥಿಗಳು ಮೊದಲೇ ಮಾತಾಡಿಕೊಂಡಿದ್ದೆವು. ತಂದರೆ ಮತ್ತೆ 'ಇದು ಯಾರ ಮನೆಯ ಬಾಳೆಹಣ್ಣು' ಎಂಬ ಪ್ರಶ್ನೆ ಬರುತ್ತದೆ, ತರಲಾಗದವರು ಹಿಂದೆ ಉಳಿಯುತ್ತಾರೆ. ಎಲ್ಲವನ್ನೂ ಒಂದೇ ಅಂಗಡಿಯಿಂದ ತಂದೆವು. ಒಂದು ಕಿಲೋ ಕೆಂಪು ಅವಲಕ್ಕಿ, ಮೂರು ತೆಂಗಿನಕಾಯಿ, 280 ಗ್ರಾಂ ಬೆಲ್ಲ, ಅರ್ಧ ಕಿಲೋ ಖರ್ಜೂರ, 14 ಬಾಳೆಹಣ್ಣು, 7 ಕಿತ್ತಳೆ, 3 ದಾಳಿಂಬೆ, ಒಂದಿಷ್ಟು ಒಣದ್ರಾಕ್ಷಿ, ಏಲಕ್ಕಿ. ಒಟ್ಟು ಖರ್ಚು 700 ರೂಪಾಯಿಯ ಒಳಗೆ. ಮಲಿದಾಕ್ಕೆ ಬಾದಾಮಿ, ಪಿಸ್ತಾ ಹಾಕುವುದು ರೂಢಿ. ಇಡೀ ಬೀಜಗಳು ಸಣ್ಣ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ಇರುವುದರಿಂದಲೂ, ಬೀಜಗಳ ಅಲರ್ಜಿ ಇದ್ದರೆ ಎಷ್ಟೋ ಸಲ ಮನೆಯವರಿಗೂ ಗೊತ್ತಿರುವುದಿಲ್ಲವಾದ್ದರಿಂದಲೂ ಅವನ್ನು ಬಿಟ್ಟೆವು.

ಬೆಲ್ಲದ ಲೆಕ್ಕವನ್ನು ಸ್ವಲ್ಪ ವಿವರಿಸಬೇಕು. ಬೆಲ್ಲ ಹಾಕಿದರೆ ಆರೋಗ್ಯಕರ, ಸಕ್ಕರೆ ಹಾಕಿದರೆ ಅಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶ ಇದ್ದರೂ ಬಹುಪಾಲು ಅದು ಸುಕ್ರೋಸ್, ಅಂದರೆ ಸಕ್ಕರೆಯೇ. ದಿನದ ಒಟ್ಟು ಶಕ್ತಿಯಲ್ಲಿ ಹೀಗೆ ಬೆರೆಸುವ ಸಕ್ಕರೆಯ ಪಾಲು ಶೇ. 10ಕ್ಕಿಂತ ಕಡಿಮೆ, ಸಾಧ್ಯವಾದರೆ ಶೇ. 5ಕ್ಕಿಂತ ಕಡಿಮೆ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 1,500 ಕಿಲೋಕ್ಯಾಲರಿ ಬೇಕಾದ ಮಗುವಿಗೆ ಶೇ. 5 ಎಂದರೆ 75 ಕಿಲೋಕ್ಯಾಲರಿ. ಒಂದು ಗ್ರಾಂ ಸಕ್ಕರೆಗೆ 4 ಕಿಲೋಕ್ಯಾಲರಿಯಂತೆ ಸುಮಾರು 19 ಗ್ರಾಂ. ನಮ್ಮ ಲೆಕ್ಕದಲ್ಲಿ ಒಂದು ಮಗುವಿಗೆ 10 ಗ್ರಾಂ ಬೆಲ್ಲ ಬಂತು. ಉಳಿದ ಸಿಹಿಯನ್ನು ಖರ್ಜೂರ, ಬಾಳೆ ಕೊಡುತ್ತವೆ. ಇಡೀ ಹಣ್ಣಿನ ಸಕ್ಕರೆ ನಾರಿನ ಜೊತೆಗೆ ಬರುವುದರಿಂದ ಅದು ಈ ಮಿತಿಯ ಲೆಕ್ಕಕ್ಕೆ ಸೇರುವುದಿಲ್ಲ. ಕಿತ್ತಳೆಯನ್ನು ಆರಿಸಿಕೊಂಡದ್ದಕ್ಕೂ ಕಾರಣವಿತ್ತು. ಅವಲಕ್ಕಿಯಲ್ಲಿರುವಂಥ ಸಸ್ಯಮೂಲದ ಕಬ್ಬಿಣಾಂಶವನ್ನು ನಮ್ಮ ದೇಹ ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ವಿಟಮಿನ್ ಸಿ ಇದ್ದರೆ ಹೀರಿಕೆ ಹೆಚ್ಚುತ್ತದೆ. ಇದನ್ನೆಲ್ಲ ಒಂದನೇ ತರಗತಿಗೆ ಹೇಳುವುದಿಲ್ಲ. ಆದರೆ ಹೇಳುವ ಒಂದು ಮಾತಿನ ಹಿಂದೆ ಹೇಳದ ಹತ್ತು ಮಾತು ಶಿಕ್ಷಕರಿಗೆ ಗೊತ್ತಿರಬೇಕು ಎಂದು ನಮಗೆ ಕಲಿಸಿದ್ದಾರೆ.

ಆ ಶನಿವಾರ

ಮೊದಲ ಕೆಲಸ ಕೈ ತೊಳೆಯುವುದು, ಉಗುರು ನೋಡುವುದು. ನಂತರ ನೆಲದ ಮೇಲೆ ಚಾಪೆ ಹಾಸಿ ನಾಲ್ಕು ಗುಂಪು ಮಾಡಿದೆವು. ಗುಂಪುಗಳಲ್ಲಿ ಮೂರೂ ತರಗತಿಯವರು ಬೆರೆತಿದ್ದರು. ಒಂದನೇ ತರಗತಿಯವರಿಗೆ ಖರ್ಜೂರದ ಬೀಜ ತೆಗೆಯುವುದು, ಬಾಳೆ ಸುಲಿಯುವುದು. ಎರಡನೇ ತರಗತಿಯವರಿಗೆ ಕಿತ್ತಳೆ ತೊಳೆ ಬಿಡಿಸಿ ಬೀಜ ತೆಗೆಯುವುದು, ದಾಳಿಂಬೆ ಬಿಡಿಸುವುದು. ಮೂರನೇ ತರಗತಿಯವರಿಗೆ ಲೋಟದಲ್ಲಿ ಅವಲಕ್ಕಿ ಅಳೆಯುವುದು, ಬೆಲ್ಲ ಪುಡಿ ಮಾಡುವುದು, ಏಲಕ್ಕಿ ಕುಟ್ಟುವುದು. ಕಾಯಿ ತುರಿಯುವ ಕೆಲಸವನ್ನು ಬಿಸಿಯೂಟದ ಅಕ್ಕ ಮಕ್ಕಳ ಎದುರಿಗೇ ಕೂತು ಮಾಡಿಕೊಟ್ಟರು. ಚಾಕು ನಮ್ಮ ಕೈಯಲ್ಲಿ ಮಾತ್ರ.

ಅವಲಕ್ಕಿಯನ್ನು ಬೇಯಿಸದೆ ತಿನ್ನುವುದು ಹೇಗೆ ಎಂದು ಕೇಳಿದೆ. "ಹಾಗೇ ತಿನ್ನುವುದು ಟೀಚರ್" ಎಂದರು ಎಲ್ಲರೂ. ಭತ್ತವನ್ನು ನೆನೆಸಿ, ಹುರಿದು, ಬಿಸಿ ಇರುವಾಗಲೇ ಒತ್ತಿ ಚಪ್ಪಟೆ ಮಾಡುತ್ತಾರೆ, ಅದು ಆಗಲೇ ಬೆಂದಿರುತ್ತದೆ ಎಂದಾಗ ಒಬ್ಬ ಹುಡುಗ ಒಂದು ಒಣ ಅವಲಕ್ಕಿ, ಒಂದು ಹಸಿ ಅಕ್ಕಿಕಾಳು ಎರಡನ್ನೂ ಹಲ್ಲಿಗೆ ಹಾಕಿ ನೋಡಿದ. ಅವನನ್ನು ನೋಡಿ ಉಳಿದ 27 ಮಂದಿಗೂ ಅಕ್ಕಿಕಾಳು ಬೇಕಾಯಿತು. ಯೋಜನೆಯಲ್ಲಿ ಇಲ್ಲದ ಪ್ರಯೋಗ, ಆದರೆ ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಅದೇ.

ಹಣ್ಣು ಸಿದ್ಧವಾದ ಮೇಲೆ ಎರಡು ಹರಿವಾಣ ಇಟ್ಟೆ. ಆಜಿಯ ಮನೆಯಲ್ಲಿ ಮರದ ಹಣ್ಣಿಗೆ ಒಂದು ಪ್ರಾರ್ಥನೆ, ನೆಲದಿಂದ ಬರುವ ಬೆಳೆಗೆ ಇನ್ನೊಂದು ಪ್ರಾರ್ಥನೆ ಹೇಳುತ್ತಾರೆ. ಯಾವುದು ಯಾವ ಹರಿವಾಣಕ್ಕೆ, ನೀವೇ ಹಾಕಿ ಎಂದೆ. ಕಿತ್ತಳೆ, ದಾಳಿಂಬೆ, ಖರ್ಜೂರ ಮರದ ಕಡೆ ಹೋದವು. ಬಾಳೆಯನ್ನೂ ಅಲ್ಲೇ ಹಾಕಿದರು. ಶಾಲೆಯ ಹಿಂದೆ ಬಾಳೆ ಇತ್ತು. ಗೊನೆ ಕಡಿದ ಹಳೆಯ ಬುಡವೊಂದರ ತುಂಡು ತಂದು ಪದರ ಪದರವಾಗಿ ಬಿಡಿಸಿದೆ. ಒಳಗೆ ಕಟ್ಟಿಗೆ ಎಲ್ಲಿದೆ ಎಂದು ಹುಡುಕಿದರು, ಸಿಗಲಿಲ್ಲ. ಎಲೆಯ ಬುಡಗಳೇ ಸುತ್ತಿಕೊಂಡು ಕಾಂಡದ ಹಾಗೆ ಕಾಣುತ್ತವೆ. ಯಹೂದಿಗಳೂ ಬಾಳೆಯನ್ನು ನೆಲದ ಬೆಳೆ ಎಂದೇ ಎಣಿಸುತ್ತಾರೆ ಎಂದೆ. ಬಾಳೆಹಣ್ಣುಗಳು ಈಚೆ ಹರಿವಾಣಕ್ಕೆ ಬಂದವು. "ಹಾಗಾದ್ರೆ ಪಪ್ಪಾಯಿ?" ಎಂದಳು ಮೂರನೇ ತರಗತಿಯವಳು. ಪಪ್ಪಾಯಿಯ ಬಗ್ಗೆ ಯಹೂದಿ ಪಂಡಿತರಲ್ಲೇ ಚರ್ಚೆ ನಡೆದಿದೆ ಎಂದು ಹೇಳಿದಾಗ, ದೊಡ್ಡವರಿಗೂ ಗೊತ್ತಾಗದ ಪ್ರಶ್ನೆ ತಾನು ಕೇಳಿದೆ ಎಂದು ಅವಳಿಗೆ ಬಹಳ ಖುಷಿಯಾಯಿತು. ಹೊಸ ಪರಿಸರ ಪಾಠ ಒಂದು ಬಾಳೆಯ ಬುಡದಿಂದಲೇ ಸಿಕ್ಕಿತು.

ಅವಲಕ್ಕಿ ನೆನೆಯುವಷ್ಟರಲ್ಲಿ ಕಥೆ ಹೇಳಿದೆ. ಬರಗಾಲದಲ್ಲಿ ತೊರೆಯ ಪಕ್ಕ ಅಡಗಿದ್ದ ಎಲಿಯಾಹುವಿಗೆ ಬೆಳಿಗ್ಗೆ ಸಂಜೆ ಕಾಗೆಗಳು ಆಹಾರ ತಂದುಕೊಟ್ಟ ಕಥೆ. ಕಾಗೆ ಮಕ್ಕಳ ಕೈಯಿಂದ ರೊಟ್ಟಿ ಕಸಿಯುತ್ತದೆ, ಕೊಡುವುದೂ ಉಂಟೇ ಎಂದು ದೊಡ್ಡ ನಗು. ಆಗ ಕ್ರಿಸ್‌ಮಸ್ ಕೇಕಿನ ಹುಡುಗಿ, "ಇವರು ನಮ್ಮ ಎಲೀಯ ಪ್ರವಾದಿ ಅಲ್ವಾ ಟೀಚರ್? ಬೆಂಕಿಯ ರಥದಲ್ಲಿ ಹೋದವರು" ಎಂದಳು. ಹೌದು, ಅವರೇ ಎಂದೆ. ಮುಸ್ಲಿಮರು ಇಲ್ಯಾಸ್ ಎಂದು ಕರೆಯುವುದೂ ಇವರನ್ನೇ ಎಂದಾಗ ಹಿಂದಿನಿಂದ ಒಬ್ಬ, "ನನ್ನ ಮಾವನ ಹೆಸರು ಇಲ್ಯಾಸ್!" ಎಂದು ಎದ್ದು ನಿಂತ. ಅವನ ಮಾವ ಆಟೋ ಓಡಿಸುವುದು ಎಲ್ಲರಿಗೂ ಗೊತ್ತು. ಬೆಂಕಿಯ ರಥಕ್ಕೂ ಆಟೋಗೂ ಸೇರಿಸಿ ಸ್ವಲ್ಪ ಹೊತ್ತು ಗಲಾಟೆ ನಡೆಯಿತು.

ಮಲಿದಾ ಎಂಬ ಹೆಸರನ್ನು ಬೋರ್ಡಿನ ಮೇಲೆ ಬರೆದಾಗ ಮಾತಾಡಿದ್ದು ಸಾಮಾನ್ಯವಾಗಿ ಬಾಯಿ ಬಿಡದ ಒಬ್ಬ ಹುಡುಗ. ಅವನ ತಂದೆ ತಾಯಿ ಕೊಪ್ಪಳದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. "ನಮ್ಮೂರಾಗ ಮೊಹರಮ್ಮಿಗೆ ಮಲೀದಿ ಮಾಡ್ತಾರ್ರೀ ಟೀಚರ್. ಅವಲಕ್ಕಿ ಅಲ್ರೀ, ರೊಟ್ಟಿ ಪುಡಿ ಮಾಡಿ ಬೆಲ್ಲ ಹಾಕ್ತಾರ್ರೀ." ಅವನ ಮಾತಿನ ಧಾಟಿಗೆ ಮೊದಲೆಲ್ಲ ನಗುತ್ತಿದ್ದ ಮಕ್ಕಳು ಆ ದಿನ ರೊಟ್ಟಿಯನ್ನು ಹೇಗೆ ಪುಡಿ ಮಾಡುವುದು ಎಂದು ಕೇಳಿದರು. ಅವನು ಎರಡೂ ಅಂಗೈ ಉಜ್ಜಿ ತೋರಿಸಿದ. ಮಲಿದಾ ಎಂಬ ಪದ ಬಂದಿರುವುದು ಉಜ್ಜು, ತಿಕ್ಕು ಎಂಬ ಅರ್ಥದ ಪಾರಸಿ ಪದದಿಂದ. ಅವನ ಕೈ ಸರಿಯಾದ ಅರ್ಥವನ್ನೇ ತೋರಿಸಿತ್ತು.

ಶನಿವಾರ ಅವರ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಯಾವ ಕೆಲಸವನ್ನೂ ಮಾಡುವುದಿಲ್ಲ, ಅದು ವಿಶ್ರಾಂತಿಯ ದಿನ ಎಂದೂ ಹೇಳಿದೆ. ನಾವು ಮಾಡುತ್ತಿರುವುದು ಅವರ ಹಬ್ಬವಲ್ಲ, ಅವರ ತಿನಿಸನ್ನು ಕಲಿಯುತ್ತಿದ್ದೇವೆ ಎಂಬುದು ಇದರಿಂದ ಸ್ಪಷ್ಟವಾಗಲಿ ಎಂದು ನನ್ನ ಉದ್ದೇಶ. ಮಕ್ಕಳಿಗೆ ಮುಖ್ಯವಾದದ್ದು ಬೇರೆ. "ಶನಿವಾರ ಶಾಲೆ ಇಲ್ವಾ ಹಾಗಾದ್ರೆ? ಆದಿತ್ಯವಾರ?" ಇಸ್ರೇಲಿನಲ್ಲಿ ಆದಿತ್ಯವಾರ ಶಾಲೆ ಇರುತ್ತದೆ ಎಂದಾಗ, ಆ ದೇಶಕ್ಕೆ ಹೋಗುವ ಆಸೆ ಅಲ್ಲಿಗೇ ನಿಂತಿತು.

ಕೊನೆಗೆ ಎಲ್ಲವನ್ನೂ ದೊಡ್ಡ ಪಾತ್ರೆಗೆ ಹಾಕಿ ಕಲಸುವುದು. ಅವಲಕ್ಕಿ, ಕಾಯಿತುರಿ, ಬೆಲ್ಲ, ಏಲಕ್ಕಿ. ಗುಂಪಿನಲ್ಲಿ ಒಬ್ಬೊಬ್ಬರೂ ಹತ್ತು ಎಣಿಸುವಷ್ಟು ಹೊತ್ತು ಕೈ ಹಾಕಬೇಕು ಎಂಬ ನಿಯಮ. 28 ಜನರ ಕೈಯೂ ಅದರಲ್ಲಿ ಆಡಿತು. ನಂತರ ಸ್ಟೀಲ್ ತಟ್ಟೆಗಳಲ್ಲಿ ನಡುವೆ ಅವಲಕ್ಕಿ, ಸುತ್ತ ಹಣ್ಣು. ಬಾಳೆ ಬೇಡದವನ ತಟ್ಟೆಯಲ್ಲಿ ಎರಡು ಖರ್ಜೂರ ಹೆಚ್ಚು.

ಎಳ್ಳುಬೆಲ್ಲವನ್ನು ಪೊಟ್ಟಣ ಕಟ್ಟಿದ್ದ ಹುಡುಗಿ ತಟ್ಟೆ ಹಿಡಿದು ನನ್ನ ಬಳಿ ಬಂದಳು. "ಇದು ಯಾರ ಮನೆಯದ್ದು ಟೀಚರ್?" ಎಂದಳು. ನಾನು ಉತ್ತರಿಸುವ ಮೊದಲು ಅವಳ ಗುಂಪಿನವಳೇ, "ನಾವೇ ಮಾಡಿದ್ದಲ್ವಾ ಮಾರಾಯ್ತಿ, ಬೆಲ್ಲ ನೀನೇ ಪುಡಿ ಮಾಡಿದ್ದಿ" ಎಂದಳು. ಅವಳು ತನ್ನ ಅಂಗೈ ಮೂಸಿ ನೋಡಿದಳು. ಬೆಲ್ಲದ ವಾಸನೆ ಇನ್ನೂ ಇದ್ದಿರಬೇಕು. ಕೂತು ತಿಂದಳು, ಇನ್ನೊಮ್ಮೆ ಹಾಕಿಸಿಕೊಂಡಳು.

ಮನೆಗೆ ತಂದ ಮೇಲೆ ನೋಡುವ ಎಂದಿದ್ದ ಮನೆಯ ಹುಡುಗ ತಿನ್ನಲಿಲ್ಲ. ಅವನ ಪಾಲನ್ನು ಅವನೇ ಡಬ್ಬಿಗೆ ತುಂಬಿಕೊಂಡ. ಉಳಿದವರು ತಿನ್ನುವಾಗ ಅವನು ಸುಮ್ಮನೆ ಕೂರಬಾರದು ಎಂದು ಬಡಿಸುವ ಕೆಲಸವನ್ನು ಅವನಿಗೆ ಕೊಟ್ಟಿದ್ದೆವು. ಇದನ್ನು ಮೊದಲೇ ಯೋಚಿಸಿ ಇಟ್ಟುಕೊಂಡದ್ದರಿಂದ ಯಾರೂ ಅವನನ್ನು ಏಕೆ ಎಂದು ಕೇಳಲಿಲ್ಲ. ಸೋಮವಾರ ಡಬ್ಬಿ ತೊಳೆದು ತಂದಿದ್ದ. "ಅಜ್ಜ ತಿಂದ್ರು. ಬೆಲ್ಲ ಕಡಿಮೆ ಆಯ್ತಂತೆ" ಎಂದ.

ಗಮನಿಸಿದ್ದು

ಅಂದು ಹಿಂದೆ ಕೂತು ನೋಡಿದ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಸಮಯ ಹೆಚ್ಚಾಯಿತು ಎಂದು ಬರೆದರು. 80 ನಿಮಿಷದ ಯೋಜನೆ 110 ನಿಮಿಷ ತೆಗೆದುಕೊಂಡಿತ್ತು. ಮೌಲ್ಯಮಾಪನ ಹೇಗೆ ಎಂದೂ ಕೇಳಿದರು. ಮುಂದಿನ ವಾರ ನಾನು ಮಕ್ಕಳಿಗೆ ಚಿತ್ರ ಬರೆಯಲು ಹೇಳಿದೆ: ಮಲಿದಾದಲ್ಲಿ ಏನೇನಿತ್ತು, ಅವು ಎಲ್ಲಿಂದ ಬಂದವು. 24 ಮಕ್ಕಳು ಬಾಳೆಯನ್ನು ಮರಗಳಿಂದ ಬೇರೆಯಾಗಿ ಬರೆದರು. ಆರು ಮಕ್ಕಳು ಕಾಗೆಯನ್ನೂ ಬರೆದರು. ಆಟೋ ಬರೆದವನು ಒಬ್ಬ.

ಆರೋಗ್ಯಕರ ಎಂಬ ಪದವನ್ನು ಆ ದಿನ ನಾನು ಒಮ್ಮೆಯೂ ಬಳಸಲಿಲ್ಲ. ಅದು ಉದ್ದೇಶಪೂರ್ವಕ. ತಿನ್ನಬಾರದು ಎಂಬ ಪಟ್ಟಿ ಆ ಮಕ್ಕಳ ಬಳಿ ಸಾಕಷ್ಟು ಉದ್ದವಾಗಿದೆ. ಕೆಲವು ಮನೆಯಿಂದ ಬಂದವು, ಕೆಲವು ಗೋಡೆಯ ಚಾರ್ಟಿನಿಂದ. ಅದಕ್ಕೆ ಇನ್ನೊಂದು ಸೇರಿಸುವುದಕ್ಕಿಂತ, ತಿನ್ನಬಹುದಾದ ಒಂದನ್ನು ಕೈಯಾರೆ ಮಾಡಿಸುವುದು ಹೆಚ್ಚು ಉಪಯೋಗ ಎಂದು ನನಗೆ ಅನ್ನಿಸಿತು. ಮನೆಯಲ್ಲಿ ದಾಳಿಂಬೆ ಮುಟ್ಟುವುದಿಲ್ಲ ಎಂದು ತಾಯಿ ಹೇಳುತ್ತಿದ್ದ ಹುಡುಗ ಬಿಡಿಸುವಾಗಲೇ ಅರ್ಧ ತಿಂದು ಮುಗಿಸಿದ್ದ.

ಹಬ್ಬದ ವಿಷಯದಲ್ಲಿ ನಾನು ಹೇಳಬಯಸುವುದು ಇಷ್ಟು. ನಾವು ತರಗತಿಯಲ್ಲಿ ಎಲ್ಲ ಧರ್ಮಗಳ ಹಬ್ಬ ಆಚರಿಸುತ್ತೇವೆ, ಆ ದಿನ ಆಯಾ ಮಕ್ಕಳನ್ನು ಮುಂದೆ ನಿಲ್ಲಿಸುತ್ತೇವೆ. ಅದು ಒಳ್ಳೆಯದೇ. ಆದರೆ ಪ್ರತಿ ಸಲವೂ ಒಬ್ಬರು ಮನೆಯವರು, ಉಳಿದವರು ಅತಿಥಿಗಳು. ಅತಿಥಿ ಬೇಡ ಎಂದರೆ ಮನೆಯವರಿಗೆ ನೋವಾಗುತ್ತದೆ. ಮಲಿದಾದ ದಿನ ತರಗತಿಯಲ್ಲಿ ಮನೆಯವರೇ ಇರಲಿಲ್ಲ, ನನ್ನನ್ನೂ ಸೇರಿಸಿ ಎಲ್ಲರೂ ಅತಿಥಿಗಳು. ಮನೆಯವರು ದೂರದಲ್ಲಿದ್ದರು, ಅವರು ಯಾರು, ಹೇಗೆ ಬದುಕುತ್ತಾರೆ ಎಂಬುದನ್ನು ಎಲ್ಲರೂ ಒಂದೇ ಸಲ ಕೇಳಿ ತಿಳಿದುಕೊಂಡರು. ಅತಿಥಿಗಳಾಗಿ ಕೂತಾಗ ಒಬ್ಬೊಬ್ಬರಿಗೂ ತಮ್ಮ ಮನೆಯ ಏನೋ ಒಂದು ಅದರಲ್ಲಿ ಸಿಕ್ಕಿತು: ಒಬ್ಬರಿಗೆ ಅವಲಕ್ಕಿ, ಒಬ್ಬರಿಗೆ ಪ್ರವಾದಿ, ಒಬ್ಬನಿಗೆ ಮಾವನ ಹೆಸರು, ಒಬ್ಬನಿಗೆ ಊರಿನ ಮೊಹರಂ.

ಇದರಿಂದ ಮುಂದಿನ ಸಂಕ್ರಾಂತಿಯಲ್ಲಿ ಯಾವ ಪೊಟ್ಟಣವೂ ಗೇಟಿನ ಬಳಿ ಬೀಳುವುದಿಲ್ಲ ಎಂದೇನೂ ನಾನು ಹೇಳುವುದಿಲ್ಲ. ಒಂದು ಶನಿವಾರದಿಂದ ಅಷ್ಟು ಬಯಸುವುದು ಹೆಚ್ಚಾಗುತ್ತದೆ. ಮಾರ್ಚ್ ಮೊದಲ ವಾರ ನಮ್ಮ ಅವಧಿ ಮುಗಿಯಿತು. ಅಷ್ಟರಲ್ಲಿ ನಾನು ಕಂಡದ್ದು ಒಂದೇ ಬದಲಾವಣೆ: ಕೊಪ್ಪಳದ ಹುಡುಗ ಊಟಕ್ಕೆ ಕೂರುವ ಜಾಗ. ಮೊದಲು ಕಂಬದ ಪಕ್ಕ ಒಬ್ಬನೇ ಕೂರುತ್ತಿದ್ದವನು ಈಗ ಸಾಲಿನ ನಡುವೆ ಕೂರುತ್ತಿದ್ದ.

ಮುಂದಿನ ತಂಡದವರು ಮಾಡುವುದಾದರೆ ಮೂರು ಮಾತು. ತುರಿದ ಕಾಯಿ ಬೇಸಿಗೆಯಲ್ಲಿ ಬೇಗ ಹುಳಿಯಾಗುತ್ತದೆ, ಕಲಸಿದ ಒಂದು ಗಂಟೆಯೊಳಗೆ ತಿಂದು ಮುಗಿಸಿ. ಅವಲಕ್ಕಿ ನೆನೆಸಬೇಡಿ, ಜರಡಿಯಲ್ಲಿ ತೊಳೆದು ಬಸಿದು ಹತ್ತು ನಿಮಿಷ ಬಿಡಿ, ಅಜ್ಜಿಯ ಸಲಹೆ ಸರಿಯಾಗಿತ್ತು. ಮನೆಗೆ ಕಳಿಸುವ ಚೀಟಿಯನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಅದರ ಮಾದರಿಯನ್ನು ನಲಿಕಲಿ ಶಿಕ್ಷಕಿಗೆ ಕೊಟ್ಟಿದ್ದೇನೆ, ನಮ್ಮ ಕಾಲೇಜಿನ ಬೋಧನಾಭ್ಯಾಸ ಕಡತದಲ್ಲೂ ಒಂದು ಪ್ರತಿ ಇದೆ.